ಗಾತ್ರವೋ, ಗತಿಯೋ? ಮಂಜುಗಡ್ಡೆಯ ಹಾಕಿಯಲ್ಲಿ ಎಳೆಯರ ಪರೀಕ್ಷೆ

ಹಾಕಿ ಎಂದೊಡನೆ ನಮ್ಮ ವಾಚಕರ ಕಣ್ಣಮುಂದೆ ಕೊಡಗಿನ ಮೈದಾನವೂ ಬಿಳಿಯ ಚೆಂಡೂ ಸುಳಿಯುವುದು ಸಹಜ. ಪರಂತು ಕೆನಡಾ ದೇಶದಲ್ಲಿ ಅದೇ ಹೆಸರಿನಿಂದ ಕರೆಯಲ್ಪಡುವ ಆಟವು ಬೇರೆಯೇ. ಅಲ್ಲಿ ಹುಲ್ಲಿಲ್ಲ, ಮಂಜುಗಡ್ಡೆಯುಂಟು. ಚೆಂಡಿಲ್ಲ, ‘ಪಕ್’ ಎಂಬ ರಬ್ಬರಿನ ಬಿಲ್ಲೆಯುಂಟು. ಓಟವಿಲ್ಲ, ಉಕ್ಕಿನ ಅಲಗುಳ್ಳ ಬೂಟು ತೊಟ್ಟು ಜಾರುವ ಸ್ಕೇಟಿಂಗ್ ಉಂಟು. ಪಕ್ ಇರುವ ಎದುರಾಳಿಯನ್ನು ಮೈಯಿಂದ ತಳ್ಳುವುದು ದೊಡ್ಡವರ ಆಟದಲ್ಲಿ ನಿಯಮಬಾಹಿರವಲ್ಲ. ಆದಕಾರಣ ಗೋಲು ಹೊಡೆಯಬೇಕಾದ ಫಾರ್ವರ್ಡ್ ಹುಡುಗನನ್ನು ಆರಿಸುವಾಗ ಹಿರಿಯರ ದೃಷ್ಟಿ ಮೊದಲು ಹರಿಯುವುದು ಅವನ ಎತ್ತರ, ತೂಕಗಳ ಕಡೆಗೆ. ಈ ದೃಷ್ಟಿ ಎಷ್ಟರ ಮಟ್ಟಿಗೆ ಸರಿ ಎಂಬುದೇ ನಮ್ಮ ಇಂದಿನ ವಿಚಾರ.

ಗಾತ್ರದಿಂದ ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ಗೋಲಿನ ಮುಂದಿನ ನೂಕುನುಗ್ಗಲಿನಲ್ಲಿ ಭಾರವಾದ ಮೈಯನ್ನು ಕದಲಿಸುವುದು ಕಷ್ಟ. ನೀಳ ತೋಳಿನವನಿಗೆ ಪಕ್ ದೂರದಿಂದಲೇ ಎಟಕುತ್ತದೆ. 6 ಅಡಿ 4 ಅಂಗುಲದ ಮಾರಿಯೋ ಲೆಮ್ಯೂ ನ್ಯಾಷನಲ್ ಹಾಕಿ ಲೀಗಿನಲ್ಲಿ 690 ಗೋಲುಗಳನ್ನು ಹೊಡೆದನು. ವೇಯ್ನ್ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆಯನ್ನು 2025ರ ಏಪ್ರಿಲ್ 6ರಂದು ಮುರಿದ ರಷ್ಯದ ಅಲೆಕ್ಸಾಂಡರ್ ಒವೆಚ್ಕಿನ್ ಕೂಡ ಆರಡಿ ಮೀರಿದ ಭಾರೀ ಆಳು.

ಆದರೆ ಎಳೆಯರ ವಿಷಯದಲ್ಲಿ ಗಾತ್ರವು ಅನೇಕ ವೇಳೆ ಪಂಚಾಂಗದ ಆಟ. ಕೆನಡಾದಲ್ಲಿ ಹುಡುಗರ ವಯೋವರ್ಗವನ್ನು ಜನವರಿ 1ನೆಯ ತಾರೀಖಿನಿಂದ ಎಣಿಸುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತಂಡಕ್ಕೆ ಪೈಪೋಟಿ ನಡೆಸಬೇಕು. ಹತ್ತರ ಪ್ರಾಯದಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಸಣ್ಣ ಅಂತರವಲ್ಲ. ಅಲ್ಲಿಯ ಶ್ರೇಷ್ಠ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ಅಧಿಕವೆಂದು ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲೇ ತೋರಿಸಿಕೊಟ್ಟರು. ಆಯ್ಕೆಯಾದವನಿಗೆ ಉತ್ತಮ ಗುರು, ಹೆಚ್ಚು ಅಭ್ಯಾಸ, ಬಿಟ್ಟವನಿಗೆ ಮನೆ. ಹೀಗೆ ತಿಂಗಳುಗಳ ಅಂತರವು ಯೋಗ್ಯತೆಯ ಅಂತರವಾಗಿ ಪರಿಣಮಿಸುತ್ತದೆ. ಲೀಗಿನ ತಂಡಗಳು ಆರಿಸಿಕೊಂಡ ತರುಣರ ಮೇಲೆ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ವರ್ಷದ ಕೊನೆಯಲ್ಲಿ ಹುಟ್ಟಿದವರು ತಮಗೆ ದೊರೆತ ಆಯ್ಕೆಯ ಸ್ಥಾನಕ್ಕಿಂತ ಮಿಗಿಲಾದುದನ್ನು ಸಾಧಿಸಿದರೆಂದು ತಿಳಿಸುತ್ತದೆ.

ಗ್ರೆಟ್ಸ್ಕಿಯ ಬಾಲ್ಯವನ್ನೇ ನೋಡಿರಿ. ಆರನೆಯ ವಯಸ್ಸಿನಲ್ಲಿ ಹತ್ತು ವರ್ಷದವರೊಡನೆ ಆಡಿದ ಆ ಬಾಲಕನು ಇಡೀ ಋತುವಿನಲ್ಲಿ ಹೊಡೆದುದು ಒಂದೇ ಗೋಲು. ತನ್ನ ಹತ್ತನೆಯ ವಯಸ್ಸಿನಲ್ಲಿ, 1971–72ರ ಋತುವಿನಲ್ಲಿ, ಹೊಡೆದುದು 378. ಆರನೆಯ ವಯಸ್ಸಿನ ಲೆಕ್ಕವನ್ನೇ ನಂಬಿ ಅವನನ್ನು ಹಿಂದೆ ಕಳುಹಿಸಿದ್ದರೆ ನಷ್ಟ ಯಾರದು?

5 ಅಡಿ 8 ಅಂಗುಲದ ಮಾರ್ಟಿನ್ ಸೇಂಟ್ ಲೂಯಿಯನ್ನು ವಾರ್ಷಿಕ ಆಯ್ಕೆಯಲ್ಲಿ ಒಂದು ತಂಡವೂ ಕರೆಯಲಿಲ್ಲ. ಅದೇ ಸೇಂಟ್ ಲೂಯಿ 2004ರಲ್ಲಿಯೂ, ತಿರುಗಿ 2013ರಲ್ಲಿ ತನ್ನ 37ನೆಯ ವಯಸ್ಸಿನಲ್ಲಿಯೂ ಇಡೀ ಲೀಗಿನಲ್ಲಿ ಅತ್ಯಧಿಕ ಅಂಕ ಗಳಿಸಿದನು. ಅವನ ಬಂಡವಾಳವು ಕಾಲಿನ ಚುರುಕು. ಹಿಡಿದೆಳೆದು ಅಡ್ಡಗಟ್ಟುವವರನ್ನು 2005ರಿಂದ ಕಟ್ಟುನಿಟ್ಟಾಗಿ ದಂಡಿಸತೊಡಗಿದ ಮೇಲಂತೂ ಚಿಕ್ಕ ಮೈಯ ವೇಗಿಗಳಿಗೆ ಹಾದಿ ತೆರೆಯಿತು.

ಸ್ಕೇಟಿಂಗ್ ಎಂದರೆ ನೇರ ವೇಗವೊಂದೇ ಅಲ್ಲ. ನಿಂತಲ್ಲಿಂದ ಚಿಮ್ಮುವ ಮೊದಲ ಮೂರು ಹೆಜ್ಜೆ, ವೇಗ ಕುಂದದಂತೆ ತಿರುಗುವುದು, ತಟ್ಟನೆ ನಿಲ್ಲುವುದು, ಇವೆಲ್ಲ ಅದರ ಅಂಗಗಳು. ಇವು ಅಭ್ಯಾಸದಿಂದ ಸಿದ್ಧಿಸತಕ್ಕವು. 2014ರಲ್ಲಿ 79ನೆಯವನಾಗಿ ಆಯ್ಕೆಗೊಂಡ ಬ್ರೇಡನ್ ಪಾಯಿಂಟ್, 1984ರ ವಿಶ್ವ ಚಾಂಪಿಯನ್ ಜೋಡಿಯ ಸ್ಕೇಟಿಂಗ್ ನರ್ತಕಿ ಬಾರ್ಬರಾ ಅಂಡರ್‌ಹಿಲ್ ಅವರ ಶಿಷ್ಯನಾಗಿ ತನ್ನ ಹೆಜ್ಜೆಯನ್ನು ತಿದ್ದಿಕೊಂಡನು. 2022–23ರಲ್ಲಿ 51 ಗೋಲು ಹೊಡೆದನು.

ಹಾಗೆಂದು ಗತಿಯೇ ಸರ್ವಸ್ವವೂ ಅಲ್ಲ. ಸ್ಕೇಟಿಂಗ್ ನಿಧಾನವೆಂಬ ದೂರಿನಿಂದ 1984ರ ಆಯ್ಕೆಯಲ್ಲಿ 171ನೆಯ ಸ್ಥಾನಕ್ಕೆ ಜಾರಿದ ಲುಕ್ ರೋಬಿಟೈಲ್, ಕೈಚಳಕದಿಂದಲೂ ಜಾಗ ಅರಿಯುವ ಬುದ್ಧಿಯಿಂದಲೂ 668 ಗೋಲುಗಳನ್ನು ಹೊಡೆದನು. ಅಳತೆಗೋಲು ಯಾವುದಾದರೂ ಒಂದೇ ಆದರೆ ಅದು ಮೋಸ ಮಾಡುತ್ತದೆ.

ಈ ಪಾಠವನ್ನು ನಾವು ಕಲಿತುದು ಮಂಜುಗಡ್ಡೆಯ ಮೇಲಲ್ಲ, ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿಯಲ್ಲಿ. ಊರಿನಿಂದ ಕೆಲಸ ಕೇಳಿಕೊಂಡು ಬಂದ ಇಬ್ಬರು ತರುಣರಲ್ಲಿ ದೃಢಕಾಯನನ್ನು ಸರಬರಾಜಿಗೆ ನಿಲ್ಲಿಸಿ, ಕುಳ್ಳನನ್ನು ಒಳಗೆ ಕಳುಹಿಸಿದೆವು. ಹಬ್ಬದ ದಿನ ಕೈ ಸಾಲದೆ ಕುಳ್ಳನನ್ನು ಹೊರಗೆ ಕರೆದಾಗ, ಮೇಜುಗಳ ಸಂದಿನಲ್ಲಿ ಅವನು ಹರಿದಾಡಿದ ಪರಿಯನ್ನು ಕಂಡು ನಾಚಿದೆವು. ಆರು ತಿಂಗಳು ಅವನನ್ನು ಕತ್ತಲೆಯಲ್ಲಿರಿಸಿದ ತಪ್ಪು ನಮ್ಮದು.

ಕೆನಡಾದವರು ತಮ್ಮ ತಪ್ಪನ್ನು ತಕ್ಕಮಟ್ಟಿಗೆ ತಿದ್ದಿಕೊಳ್ಳುತ್ತಿದ್ದಾರೆ. ಮುಖ್ಯವಾಗಿ ಪೆಟ್ಟು ತಪ್ಪಿಸುವ ಉದ್ದೇಶದಿಂದ, ಹನ್ನೊಂದು ಹನ್ನೆರಡು ವರ್ಷದವರ ಆಟದಲ್ಲಿ ಮೈಯಿಂದ ಅಪ್ಪಳಿಸುವುದನ್ನು 2013ರಲ್ಲಿ ನಿಲ್ಲಿಸಿದರು. ಚಿಕ್ಕವನಿಗೂ ಕಲಿಯಲು ಅವಕಾಶ ದೊರೆಯಿತು. ಮೈ ಬೆಳೆಸುವುದು ಕಾಲದ ಕೆಲಸ. ಹೆಜ್ಜೆ ಕಲಿಸುವುದು ನಮ್ಮ ಕೆಲಸ. ಕಾಲದ ಕೆಲಸ ಮುಗಿಯುವ ಮೊದಲೇ ಹುಡುಗನನ್ನು ಬಾಗಿಲಿನಾಚೆ ನಿಲ್ಲಿಸುವ ಅಧಿಕಾರವು ಯಾವ ಹಿರಿಯನಿಗೂ ಇಲ್ಲ.