ಕೊಯ್ದ ಗೋಧಿಯ ಕಟ್ಟಿಗೆ ಎಷ್ಟು ಹೆಸರು?

ಪ್ರಶ್ನೆ: ಪೈರಿನ ಸಿವುಡಿಗೆ ಇಂಗ್ಲಿಷಿನಲ್ಲಿ ‘ಶೀಫ್’ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಏನೆನ್ನುತ್ತಾರೆ?

ಉತ್ತರ: ಅಲ್ಲಿ ಕಟ್ಟಿನ ಗಾತ್ರ ನೋಡಿ ಹೆಸರು. ಕೈಹಿಡಿಯಷ್ಟಿದ್ದರೆ ‘ಮನೋಹೊ’, ಅದಕ್ಕಿಂತ ದೊಡ್ಡದು ‘ಗಬಿಯಾ’, ಇನ್ನೂ ದೊಡ್ಡದು ‘ಆಸ್’. ಹೀಗೆ ಕಟ್ಟು ಮಾಡುವುದಕ್ಕೆ ‘ಅಗಬಿಯಾರ್’ ಎಂಬ ಕ್ರಿಯಾಪದವೇ ಇದೆ. ಕಟ್ಟುವ ಹುರಿ ‘ಬೆನ್ಸೆಹೊ’. ಕಳ್ಳಕಾಕರ ಗುಂಪಿಗೂ ‘ಗಬಿಯಾ’ ಎನ್ನುವುದುಂಟು. ‘ಆಸ್’ಗಳನ್ನು ಒಟ್ಟಿದ ಮೆದೆ ‘ಅಸೀನಾ’. ಅದರಿಂದ ಹುಟ್ಟಿದ ‘ಅಸಿನಮಿಯೆಂತೊ’ ಇಂದು ಜೈಲಿನಲ್ಲೋ ಇಕ್ಕಟ್ಟಾದ ಮನೆಯಲ್ಲೋ ಜನರನ್ನು ತುಂಬಿರುವುದನ್ನು ಹೇಳುತ್ತದೆ.

ಇಂಗ್ಲಿಷಿನಲ್ಲಿ ಒಂದು ಕಟ್ಟು ‘ಶೀಫ್’. ಕಾಳು ಒಣಗಲೆಂದು ಹಲವು ಶೀಫ್‌ಗಳನ್ನು ತೆನೆ ಮೇಲಾಗಿ ಒಂದಕ್ಕೊಂದು ಆನಿಸಿ ನಿಲ್ಲಿಸಿದರೆ ಅದು ‘ಸ್ಟೂಕ್’ ಅಥವಾ ‘ಶಾಕ್’. ಹಿಂದೆ ಹುಲ್ಲನ್ನೇ ಹೊಸೆದು ಕಟ್ಟುತ್ತಿದ್ದರು. 1870ರ ದಶಕದ ಕೊನೆಯಲ್ಲಿ ಅಮೆರಿಕದ ಜಾನ್ ಆ್ಯಪಲ್‌ಬಿ ರೂಪಿಸಿದ ಗಂಟು ಹಾಕುವ ಸಾಧನದಿಂದಾಗಿ ‘ಬೈಂಡರ್’ ಯಂತ್ರವೇ ಪೈರು ಕೊಯ್ದು ಹುರಿಯಿಂದ ಬಿಗಿಯತೊಡಗಿತು. ಸ್ಪ್ಯಾನಿಷರು ಆ ಯಂತ್ರವನ್ನು ‘ಅಗಬಿಯಾದೋರಾ’ ಎಂದು ಕರೆದರು. ಕೊಯ್ಲು, ಒಕ್ಕಣೆ ಎರಡನ್ನೂ ಒಟ್ಟಿಗೆ ಮಾಡುವ ಕಂಬೈನ್ ಹಾರ್ವೆಸ್ಟರ್ ಬಂದ ಮೇಲೆ ಕಟ್ಟು ಕಟ್ಟುವ ಕೆಲಸವೇ ಬೇಡವಾಯಿತು.