ಕೊಳ್ಳುವವರ ಮಾತು, ಮಾರುವವರ ಹೆಸರು: ದೊಡ್ಡಬಳ್ಳಾಪುರದ ಸೀರೆ ವ್ಯಾಪಾರವನ್ನು ಕುರಿತು ಒಂದು ವಿವೇಚನೆ

ವ್ಯಾಪಾರದ ಇತಿಹಾಸವನ್ನು ಬರೆಯುವವರು ಬೆಲೆ, ಸುಂಕ, ಮಾರ್ಗ, ನಾಣ್ಯ ಇವುಗಳಿಗೆ ಕೊಡುವಷ್ಟು ಗಮನವನ್ನು ನಂಬಿಕೆಗೆ ಕೊಡುವುದಿಲ್ಲ. ನಂಬಿಕೆಗೆ ಲೆಕ್ಕದ ಕಡತವಿಲ್ಲದಿರುವುದು ಇದಕ್ಕೆ ಕಾರಣವಿರಬಹುದು. ಆದರೆ ಕಳೆದ ಮೂರು ದಶಕಗಳಲ್ಲಿ ನಂಬಿಕೆಗೂ ಒಂದು ಅಂಕ ದೊರೆತಿದೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕನ್ನು ಕೊಂಡವರು ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಕೊಡುತ್ತಾರೆ. ಮನಸ್ಸಿದ್ದರೆ ಎರಡು ಸಾಲು ಬರೆಯುತ್ತಾರೆ. ಮುಂದೆ ಕೊಳ್ಳಬಯಸುವವರು ಸರಕಿಗಿಂತ ಮೊದಲು ಆ ಅಂಕವನ್ನು ನೋಡುತ್ತಾರೆ. ಈ ರೇಟಿಂಗ್ ಪದ್ಧತಿಯು ಮಾರುವವರ ಮೇಲೆ, ಅದರಲ್ಲಿಯೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರದಂತಹ ನೇಯ್ಗೆಯ ಊರಿನಿಂದ ಮಾರುವ ಸಣ್ಣವರ ಮೇಲೆ, ಎಂತಹ ಪರಿಣಾಮವನ್ನುಂಟುಮಾಡಿದೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ಜಿಲ್ಲೆಗೆ ಆನ್‌ಲೈನ್ ವ್ಯಾಪಾರವು ದೂರದ ಸಂಗತಿಯಲ್ಲ. ಫ್ಲಿಪ್‌ಕಾರ್ಟ್ ಸಂಸ್ಥೆಯು ೨೦೦೭ರಲ್ಲಿಯೂ ಮೀಶೋ ೨೦೧೫ರಲ್ಲಿಯೂ ನೆರೆಯ ಬೆಂಗಳೂರಿನಲ್ಲಿಯೇ ಹುಟ್ಟಿದವು. ಅಮೆಜಾನಿನ ಭಾರತೀಯ ಮಾರುಕಟ್ಟೆ ೨೦೧೩ರಲ್ಲಿ ತೆರೆಯಿತು. ಹೊಸಕೋಟೆ, ನೆಲಮಂಗಲಗಳ ಹೆದ್ದಾರಿಯ ಬದಿಯಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ದೊಡ್ಡ ದೊಡ್ಡ ಗೋದಾಮುಗಳು ನಿಂತಿವೆ. ೨೦೨೩ರ ಅಕ್ಟೋಬರ್ ೧ರಿಂದ, ವಹಿವಾಟು ನಿಗದಿತ ಮಿತಿಯೊಳಗಿರುವ ಸಣ್ಣ ವ್ಯಾಪಾರಿಗಳು ಜಿ.ಎಸ್.ಟಿ. ನೋಂದಣಿಯಿಲ್ಲದೆಯೇ ತಮ್ಮ ರಾಜ್ಯದೊಳಗೆ ಇಂತಹ ಮಾರುಕಟ್ಟೆಗಳ ಮೂಲಕ ಸರಕು ಮಾರಬಹುದೆಂದು ನಿಯಮ ಸಡಿಲವಾಯಿತು. ನಾಲ್ಕು ಮಗ್ಗಗಳ ಮನೆಯವರೂ ಈ ಪೇಟೆಗೆ ಕಾಲಿಡಲು ಇದರಿಂದ ಅನುಕೂಲವಾಯಿತೆನ್ನಬೇಕು. ದೊಡ್ಡಬಳ್ಳಾಪುರದಲ್ಲಿ ಅಂತಹ ಮನೆಗಳು ಬಹಳ. ಊರಿನ ಬೀದಿಗಳಲ್ಲಿ ನಡೆದವರಿಗೆ ವಿದ್ಯುತ್ ಮಗ್ಗದ ಸದ್ದು ಗೋಡೆಯಿಂದ ಗೋಡೆಗೆ ಕೇಳಿಸುತ್ತಲೇ ಇರುತ್ತದೆ. ವಿದ್ಯುತ್ತು ನಿಂತಾಗ ಮಾತ್ರ ಊರು ಒಮ್ಮೆಲೇ ಮೌನವಾಗುತ್ತದೆ.

ಇನ್ನು ಸರಕಿನ ಗುಣವನ್ನು ಯಾರು, ಯಾವಾಗ ನಿರ್ಣಯಿಸುತ್ತಾರೆ ಎಂಬ ಪ್ರಶ್ನೆಗೆ ಬರೋಣ. ಇದೇ ಜಿಲ್ಲೆಯಲ್ಲಿ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಸರ್ಕಾರದ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಅಲ್ಲಿ ನೂಲು ಬಿಚ್ಚುವ ರೀಲರು ಗೂಡನ್ನು ಕೈಯಲ್ಲಿ ಹಿಡಿದು ಅಮುಕಿ ನೋಡುತ್ತಾರೆ, ಕಿವಿಯ ಬಳಿ ಅಲುಗಿಸುತ್ತಾರೆ, ಆಮೇಲೆ ಹರಾಜಿನಲ್ಲಿ ಬೆಲೆ ಕೂಗುತ್ತಾರೆ. ಇತ್ತೀಚೆಗೆ ಕೂಗುವ ಕೆಲಸವನ್ನು ಮೊಬೈಲು ವಹಿಸಿಕೊಂಡಿದ್ದರೂ ಮುಟ್ಟಿ ನೋಡುವ ಕೆಲಸ ಕೈಯದಾಗಿಯೇ ಉಳಿದಿದೆ. ಅಂದರೆ ನಿರ್ಣಯ ಮೊದಲು, ಹಣ ಅನಂತರ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿಯೂ ಇದೇ ಕ್ರಮ: ಸೆರಗನ್ನು ಬಿಚ್ಚಿ, ಅಂಚನ್ನು ಬೆರಳಿನ ನಡುವೆ ಉಜ್ಜಿ, ಬೆಳಕಿಗೆ ಹಿಡಿದು ನೋಡದೆ ಯಾವ ಗೃಹಿಣಿಯೂ ಹಣ ತೆಗೆಯುವುದಿಲ್ಲ. ಆನ್‌ಲೈನ್ ಮಾರುಕಟ್ಟೆಯು ಈ ಕ್ರಮವನ್ನು ತಲೆಕೆಳಗು ಮಾಡಿದೆ. ಅಲ್ಲಿ ಆಯ್ಕೆ ನಡೆಯುವುದು ಚಿತ್ರವನ್ನು ನೋಡಿ. ಸರಕಿನ ನಿರ್ಣಯವಾಗುವುದು ಅದು ಮನೆಗೆ ಬಂದ ಮೇಲೆ. ಆ ನಿರ್ಣಯವು ಪ್ರಕಟವಾಗುವುದು ಮುಂದೆ ಕೊಳ್ಳುವವರೆಲ್ಲರ ಕಣ್ಣಿಗೆ ಬೀಳುವಂತೆ.

ಕಾಣದ ಸರಕಿಗೆ ಹಣ ಕೊಡುವುದು ಹೊಸ ಸಮಸ್ಯೆಯೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ನಮ್ಮ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದನೆಂಬುದು ಕೈರೋ ನಗರದ ಗೆನೀಜಾ ಪತ್ರಗಳಿಂದ ತಿಳಿದುಬರುತ್ತದೆ. ಅವನಿಗೆ ಏಡನ್ ಬಂದರಿನ ವರ್ತಕರು ಬರೆದ ಪತ್ರಗಳಲ್ಲಿ ಏಲಕ್ಕಿಗೆಂದು ಮುಂಗಡ ಹಣ ಪಡೆದು ಸರಕನ್ನು ಕಳುಹಿಸದ ಒಬ್ಬ ಮಧ್ಯವರ್ತಿಯ ವಿಷಯ ಬರುತ್ತದೆ. ಕೊಟ್ಟ ಮಾತಿಗೆ ತಪ್ಪುವವರನ್ನು ಏಡನ್ನಿನಲ್ಲಿ ಬಹಿರಂಗವಾಗಿ ಖಂಡಿಸುವ ಪದ್ಧತಿಯುಂಟೆಂದೂ, ಹಣ ತೀರಿಸದಿದ್ದರೆ ಅಂತಹ ಖಂಡನಾಪತ್ರವನ್ನೇ ಕಳುಹಿಸುವೆವೆಂದೂ ಅವನನ್ನು ಹೆದರಿಸುವಂತೆ ಬೆನ್ ಯಿಜುವಿಗೆ ಸೂಚನೆ ಬಂದಿತ್ತು. ಒಂದು ನಕ್ಷತ್ರದ ರೇಟಿಂಗಿಗೆ ಇದಕ್ಕಿಂತ ಹಳೆಯ ಪೂರ್ವಜನನ್ನು ನಮ್ಮ ಕರಾವಳಿಯಲ್ಲಿ ಹುಡುಕುವುದು ಕಷ್ಟ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಏಡನ್ನಿನ ವರ್ತಕರಿಗೆ ಆ ಮಧ್ಯವರ್ತಿಯ ಪರಿಚಯವಿತ್ತು. ಅವನ ಉತ್ತರವನ್ನು ಕೇಳಲು ನಡುವೆ ಬೆನ್ ಯಿಜುವಿದ್ದನು. ಬೆದರಿಕೆಗೂ ಖಂಡನೆಗೂ ನಡುವೆ ಸಮುದ್ರಯಾನದಷ್ಟು ಕಾಲವಿತ್ತು. ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ದೊರೆಯುವ ದೀರ್ಘ ಪ್ರಶಸ್ತಿಗಳಾದರೋ ವರ್ತಕರು ತಮ್ಮನ್ನು ತಾವೇ ಹೊಗಳಿಕೊಂಡವು. ಕೊಂಡವರ ಮಾತು ಅವುಗಳಲ್ಲಿಲ್ಲ.

ಇಂದಿನ ಪದ್ಧತಿಯ ಮೂಲ ಅಮೆರಿಕದ ಈಬೇ ಸಂಸ್ಥೆಯಲ್ಲಿದೆ. ೧೯೯೫ರಲ್ಲಿ ಆರಂಭವಾದ ಆ ಹರಾಜುಕಟ್ಟೆಯಲ್ಲಿ ಮಾರುವವರೂ ಕೊಳ್ಳುವವರೂ ಪರಸ್ಪರರ ವಿಷಯದಲ್ಲಿ ಅಭಿಪ್ರಾಯ ಬರೆಯುವ ಏರ್ಪಾಡು ಮರುವರ್ಷವೇ ಬಂದಿತು. ಮಾರುವವರು ಸೇಡಿಗಾಗಿ ಕೆಟ್ಟ ಅಭಿಪ್ರಾಯ ಬರೆಯುತ್ತಾರೆಂಬ ಭಯದಿಂದ ಕೊಂಡವರು ನಿಜ ಹೇಳಲು ಹಿಂಜರಿಯುತ್ತಿದ್ದ ಕಾರಣ, ೨೦೦೮ರಲ್ಲಿ ಮಾರುವವರ ಆ ಹಕ್ಕನ್ನು ಈಬೇ ಕಿತ್ತುಕೊಂಡಿತು. ಅಂದಿನಿಂದ ಅಲ್ಲಿ ದೂರುವ ಹಕ್ಕು ಏಕಮುಖವಾಗಿದೆ. ನಮ್ಮ ದೇಶದ ಮಾರುಕಟ್ಟೆಗಳಲ್ಲಿ ನಾವು ಕಾಣುವುದೂ ಇದನ್ನೇ.

ಪರಿಣಾಮವನ್ನು ಅಳೆದ ಅಧ್ಯಯನಗಳೂ ಇವೆ. ರೆಸ್ನಿಕ್ ಮತ್ತು ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಳೆಯ ಚಿತ್ರ ಪೋಸ್ಟ್‌ಕಾರ್ಡುಗಳನ್ನು ಈಬೇಯಲ್ಲಿ ಹೆಸರುವಾಸಿಯಾಗಿದ್ದ ಮಾರಾಟಗಾರರೊಬ್ಬರು ತಮ್ಮ ಹೆಸರಿನಲ್ಲಿಯೂ ಹೊಸ ಅಪರಿಚಿತ ಹೆಸರುಗಳಲ್ಲಿಯೂ ಮಾರಿದರು. ಸರಕು ಒಂದೇ ಬಗೆಯದು. ಆದರೂ ಹಳೆಯ ಹೆಸರಿಗೆ ಕೊಳ್ಳುವವರು ಸುಮಾರು ಶೇಕಡ ೮ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ಹೊಸ ಹೆಸರುಗಳಿಗೆ ಒಂದೆರಡು ಕೆಟ್ಟ ಅಭಿಪ್ರಾಯಗಳು ಅಂಟಿದ್ದರಿಂದ ಬೆಲೆ ಮತ್ತಷ್ಟು ಇಳಿಯಲಿಲ್ಲವೆಂಬುದು ಅದೇ ಪ್ರಯೋಗದ ವಿಚಿತ್ರ ಫಲ. ಆದರೆ ಕಾಬ್ರಾಲ್ ಮತ್ತು ಹೋರ್ತಾಚ್ಸು ಎಂಬುವರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೊಂದು ಮುಖವನ್ನು ತೋರಿಸುತ್ತದೆ: ಮೊದಲ ಕೆಟ್ಟ ಅಭಿಪ್ರಾಯ ಬಂದೊಡನೆ, ಅದುವರೆಗೆ ವಾರಕ್ಕೆ ಶೇಕಡ ೫ರಂತೆ ಏರುತ್ತಿದ್ದ ಮಾರಾಟವು ಶೇಕಡ ೮ರಂತೆ ಇಳಿಯತೊಡಗಿತು. ಪೆಟ್ಟು ಬೆಲೆಗಿಂತ ಹೆಚ್ಚಾಗಿ ಮಾರಾಟದ ಪ್ರಮಾಣಕ್ಕೆ ಬೀಳುತ್ತದೆಂದು ನಾವು ಇವೆರಡರಿಂದ ಊಹಿಸಬಹುದು.

ಸಣ್ಣ ವ್ಯಾಪಾರಿಗೆ ಈ ಪೆಟ್ಟು ಏಕೆ ಹೆಚ್ಚೆಂಬುದನ್ನು ತಿಳಿಯಲು ಸಾಮಾನ್ಯ ಗಣಿತ ಸಾಕು. ಹತ್ತು ಜನ ತಲಾ ಐದು ನಕ್ಷತ್ರ ಕೊಟ್ಟಿರುವಾಗ ಹನ್ನೊಂದನೆಯವರು ಒಂದು ನಕ್ಷತ್ರ ಕೊಟ್ಟರೆ ಸರಾಸರಿ ೪.೬೪ಕ್ಕೆ ಇಳಿಯುತ್ತದೆ. ಅದನ್ನು ೪.೯ಕ್ಕೆ ಏರಿಸಲು ಮತ್ತೆ ೨೯ ಮಂದಿ ಒಬ್ಬರೂ ತಪ್ಪದೆ ಐದು ಕೊಡಬೇಕು. ಸಾವಿರ ಮಂದಿಯಿಂದ ಐದು ಪಡೆದವರಿಗೆ ಅದೇ ಒಂದು ನಕ್ಷತ್ರ ಬಿದ್ದರೆ ಸರಾಸರಿ ೪.೯೯೬, ಪರದೆಯ ಮೇಲೆ ಅದು ಐದಾಗಿಯೇ ಕಾಣುತ್ತದೆ. (ಎಲ್ಲ ಸಂಸ್ಥೆಗಳೂ ಸರಾಸರಿಯನ್ನೇ ತೋರಿಸುವುದಿಲ್ಲ. ಅಮೆಜಾನಿನ ಲೆಕ್ಕದಲ್ಲಿ ಅಭಿಪ್ರಾಯದ ಹೊಸತನಕ್ಕೂ, ನಿಜವಾಗಿ ಕೊಂಡವರು ಬರೆದದ್ದೇ ಎಂಬುದಕ್ಕೂ ತೂಕವುಂಟು.) ಇದಲ್ಲದೆ ಸರಕಿಗೆ ಕೊಡುವ ಅಂಕ ಬೇರೆ, ಮಾರುವವರಿಗೆ ಕೊಡುವ ಅಂಕ ಬೇರೆ; ಕೊಂಡವರಲ್ಲಿ ಅನೇಕರು ಈ ಭೇದವನ್ನು ಅರಿಯರು. ಎರಡನೆಯದರ ಮೇಲೆ ಸಂಸ್ಥೆಯ ಕಣ್ಣಿರುತ್ತದೆ. ಅಮೆಜಾನಿನಲ್ಲಿ ಮಾರುವವರು, ಅರವತ್ತು ದಿನಗಳ ಆರ್ಡರುಗಳಲ್ಲಿ ಕೆಟ್ಟ ಅಂಕ, ಪರಿಹಾರದ ಬೇಡಿಕೆ ಮುಂತಾದ ದೋಷಗಳುಳ್ಳವು ನೂರಕ್ಕೆ ಒಂದಕ್ಕಿಂತ ಕಡಿಮೆಯಿರುವಂತೆ ನೋಡಿಕೊಳ್ಳಬೇಕು. ಮೀರಿದರೆ ಖಾತೆಯೇ ಅಮಾನತಾಗಬಹುದು. ಎರಡು ತಿಂಗಳಲ್ಲಿ ಐವತ್ತು ಸೀರೆ ಮಾರುವವರಿಗೆ ಒಂದು ದೂರೆಂದರೆ ನೂರಕ್ಕೆ ಎರಡು. ನಿಯಮ ಎಲ್ಲರಿಗೂ ಒಂದೇ, ನಿಜ. ತೂಕ ಮಾತ್ರ ಒಂದೇ ಅಲ್ಲ.

ಆದರೆ ನಮ್ಮ ದೃಷ್ಟಿಯಲ್ಲಿ ಗಣಿತಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ನಕ್ಷತ್ರಗಳು ಅಳೆಯುವುದು ಸರಕಿನ ಗುಣವನ್ನಲ್ಲ. ಕೊಂಡವರು ನಿರೀಕ್ಷಿಸಿದ್ದಕ್ಕೂ ಕೈಗೆ ಬಂದದ್ದಕ್ಕೂ ಇರುವ ಅಂತರವನ್ನು. ನಾನೂರು ರೂಪಾಯಿಯ ಸೀರೆಯಿಂದ ಯಾರೂ ಹೆಚ್ಚನ್ನು ನಿರೀಕ್ಷಿಸುವುದಿಲ್ಲ. ಅದು ಚಿತ್ರದಲ್ಲಿದ್ದಂತೆ ಬಂದರೆ ಐದು ನಕ್ಷತ್ರ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾಗಿ ನೇಯ್ದ ರೇಷ್ಮೆ ಸೀರೆಯ ಪಾಡು ಹಾಗಲ್ಲ. ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಅದು ಒಮ್ಮೆ ಹಸಿರಾಗಿಯೂ ಒಮ್ಮೆ ನೇರಳೆಯಾಗಿಯೂ ಕಾಣುವುದೇ ಅದರ ಸೊಗಸು. ಮೊಬೈಲಿನ ಚಿತ್ರವಾದರೋ ಒಂದೇ ಬಣ್ಣವನ್ನು ತೋರಿಸುತ್ತದೆ. ಮನೆಯಲ್ಲಿ ಬಿಚ್ಚಿದಾಗ ಇನ್ನೊಂದು ಬಣ್ಣ ಕಂಡರೆ, ಬೇರೆ ಸೀರೆ ಕಳುಹಿಸಿದರೆಂಬ ದೂರು ಸಿದ್ಧ.

ಸ್ನೇಹಿತರೊಬ್ಬರ ಮೂಲಕ ನಮಗೆ ಪರಿಚಯವಾದ ದೊಡ್ಡಬಳ್ಳಾಪುರದ ಒಂದು ನೇಕಾರರ ಮನೆಯಲ್ಲಿ ಇದು ನಡೆದ ಸಂಗತಿ. ತಂದೆ ನಾಲ್ಕು ಮಗ್ಗಗಳನ್ನು ನೋಡಿಕೊಳ್ಳುತ್ತಾರೆ. ಪದವೀಧರನಾದ ಮಗನು ಮೂರು ವರ್ಷಗಳಿಂದ ಆನ್‌ಲೈನಿನಲ್ಲಿ ಮಾರುತ್ತಿದ್ದಾನೆ. ಅಂತಹ ಒಂದು ಸೀರೆಗೆ ಬಂದ ಒಂದು ನಕ್ಷತ್ರವನ್ನು ಅವನು ತಂದೆಗೆ ಓದಿ ಹೇಳಿದನಂತೆ. “ಎರಡು ಬಣ್ಣ ಬರಲಿ ಅಂತಲೇ ಅಲ್ಲವೇನಪ್ಪ ನೇಯೋದು?” ಎಂದು ಅವರು ಕೇಳಿದರು. ಉತ್ತರವನ್ನು ಬರೆಯಲು ಜಾಗವೇನೋ ಉಂಟು, ಮಗನು ಬರೆದೂ ಬರೆದನು, ಅಂಕ ಬದಲಾಗಲಿಲ್ಲ. ಮರಳಿ ಬಂದ ಸೀರೆಯ ಮಡಿಕೆ ಮುರಿದಿತ್ತು. ಮಡಿಕೆ ಮುರಿದದ್ದನ್ನು ಹೊಸದೆಂದು ಮಾರಲಾಗದು, ಹಳೆಯದೆನ್ನಲೂ ಆಗದು.

ಇಷ್ಟಾದರೂ ಈ ಮನೆಯವರು ಅದೃಷ್ಟವಂತರೇ ಸರಿ, ಏಕೆಂದರೆ ದೂರು ಅವರ ಕಿವಿಗಾದರೂ ಬಿದ್ದಿತು. ಊರಿನಲ್ಲಿ ಕೂಲಿಗೆ ನೇಯುವವರು ಅನೇಕರು. ಸಾಹುಕಾರರು ಹಾಸು, ಹೊಕ್ಕು ಕೊಟ್ಟು ಸೀರೆ ಪಡೆದು ಮಜೂರಿ ಕೊಡುತ್ತಾರೆ. ಸೀರೆ ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಆನ್‌ಲೈನ್ ಖಾತೆಯುಳ್ಳವರಿಗೆ ಹೋಗುತ್ತದೆ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ನೇಕಾರರಿಗೆ ವರ್ತಕರು ಮುಂಗಡ ಕೊಡುತ್ತಿದ್ದ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ವ್ಯವಸ್ಥೆಯ ಆ ಮೂಳೆ ಇನ್ನೂ ಹಾಗೆಯೇ ಇದೆ. ಹೀಗಿರುವಲ್ಲಿ ಐದು ನಕ್ಷತ್ರದ ಕೀರ್ತಿ ಖಾತೆಯವರಿಗೆ ಸೇರುತ್ತದೆ. “ಜರಿ ಬಹಳ ಚೆನ್ನಾಗಿದೆ” ಎಂಬ ಮಾತು ಜರಿಯನ್ನು ನೇಯ್ದವರಿಗೆ ಎಂದೂ ತಲಪುವುದಿಲ್ಲ. ಒಂದು ನಕ್ಷತ್ರವಾದರೋ ಬೇರೆ ರೂಪದಲ್ಲಿ ತಲಪುತ್ತದೆ: ಮುಂದಿನ ತಿಂಗಳು ಆ ಬಗೆಯ ಸೀರೆಗೆ ಹಾಸು ಬರುವುದಿಲ್ಲ, ಕಾರಣವನ್ನು ಯಾರೂ ಹೇಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. ೨೦೨೦ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, ಮಾರುವವರು ಗ್ರಾಹಕರ ವೇಷದಲ್ಲಿ ಅಭಿಪ್ರಾಯ ಬರೆಯುವುದನ್ನು ನಿಷೇಧಿಸುತ್ತವೆ. ಮಾರುವವರ ರೇಟಿಂಗನ್ನು ತೋರಿಸಬೇಕೆಂದೂ, ಸರಕುಗಳ ಶ್ರೇಣಿಯನ್ನು ನಿರ್ಧರಿಸುವ ಮುಖ್ಯ ಅಂಶಗಳನ್ನು ಸರಳ ಭಾಷೆಯಲ್ಲಿ ತಿಳಿಸಬೇಕೆಂದೂ ಮಾರುಕಟ್ಟೆಗಳಿಗೆ ವಿಧಿಸುತ್ತವೆ. ಭಾರತೀಯ ಮಾನಕ ಬ್ಯೂರೋ ೨೦೨೨ರಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗಾಗಿಯೇ ಐ.ಎಸ್. ೧೯೦೦೦ ಎಂಬ ಮಾನಕವನ್ನು ಹೊರಡಿಸಿತು. ಇವೆಲ್ಲವೂ ಸುಳ್ಳು ಅಭಿಪ್ರಾಯವನ್ನು ತಡೆಯಲು ಹೊರಟವು. ಪ್ರಾಮಾಣಿಕವಾದ, ಆದರೆ ತಪ್ಪು ತಿಳುವಳಿಕೆಯಿಂದ ಹುಟ್ಟಿದ ಅಭಿಪ್ರಾಯಕ್ಕೆ ಇವುಗಳಲ್ಲಿ ಮದ್ದಿಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ೨೦೦೪ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ. ರೇಷ್ಮೆಯೋ ಅಲ್ಲವೋ ಎಂಬುದನ್ನಾದರೂ ಅದು ಮತಕ್ಕೆ ಬಿಡುವುದಿಲ್ಲ.

ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್‌ಲಾಫ್ ೧೯೭೦ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಕೊಳ್ಳುವವರಿಗೆ ಒಳ್ಳೆಯ ಸರಕನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾಗದ ಕಡೆ ಒಳ್ಳೆಯದು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆಂದು ತೋರಿಸಿದರು. ರೇಟಿಂಗ್ ಪದ್ಧತಿಯು ಈ ರೋಗಕ್ಕೆ ಔಷಧವೆಂದೇ ಎಣಿಸಲ್ಪಟ್ಟಿದೆ. ಮುದ್ರಿತ ಪುಸ್ತಕ, ಮೊಬೈಲು ಮುಂತಾಗಿ ಒಂದರಂತೆ ಇನ್ನೊಂದಿರುವ ಸರಕಿನಲ್ಲಿ ಔಷಧ ಫಲಿಸಿದೆಯೆನ್ನಲು ಅಡ್ಡಿಯಿಲ್ಲ. ಸೀರೆಯ ವಿಷಯದಲ್ಲಿ ಮಾತ್ರ ನಾವು ಕಂಡದ್ದು ಬೇರೆ. ಮೇಲೆ ಹೇಳಿದ ಮನೆಯವರು ಆನ್‌ಲೈನ್ ವ್ಯಾಪಾರವನ್ನು ಬಿಟ್ಟಿಲ್ಲ. ಈಗ ಅಲ್ಲಿ ಅವರು ಮಾರುವುದು ಒಂದೇ ಬಣ್ಣದ, ಸಣ್ಣ ಅಂಚಿನ, ಕೃತಕ ರೇಷ್ಮೆಯ ಸೀರೆಗಳನ್ನು. ಚಿತ್ರದಲ್ಲಿ ಹೇಗೋ ಕೈಯಲ್ಲಿಯೂ ಹಾಗೆಯೇ. ಅಂಕ ಚೆನ್ನಾಗಿ ಬರುತ್ತಿದೆ. ಎರಡು ಬಣ್ಣದ ರೇಷ್ಮೆಯನ್ನು ಒಂದೇ ಮಗ್ಗದ ಮೇಲೆ, ತಂದೆಯವರೇ ನಿಂತು ನೇಯುತ್ತಾರೆ. ಅದು ತಿಂಗಳಿಗೊಮ್ಮೆ ಬಟ್ಟೆಯ ಗಂಟಿನಲ್ಲಿ ಬಸ್ಸು ಹತ್ತಿ ಚಿಕ್ಕಪೇಟೆಗೆ ಹೋಗುತ್ತದೆ.