ಟ್ರ್ಯಾಕ್ಟರಿಗೆ ಮಾರ್ಪಾಡು ಮಾಡಿಸುವ ಮುನ್ನ

ಹೊಸ ಟ್ರ್ಯಾಕ್ಟರು ಮನೆಗೆ ಬಂದ ವರ್ಷದೊಳಗೇ ಅದಕ್ಕೆ ಏನಾದರೊಂದನ್ನು ಸೇರಿಸುವುದು ಹಳ್ಳಿಗಳಲ್ಲಿ ವಾಡಿಕೆಯಾಗಿದೆ. ಒಬ್ಬರು ಕಬ್ಬಿಣದ ಬಂಪರು ಕಟ್ಟಿಸುತ್ತಾರೆ. ಇನ್ನೊಬ್ಬರು ಹೆಚ್ಚಿನ ದೀಪ, ಸ್ಪೀಕರು ಹಾಕಿಸುತ್ತಾರೆ. ಮತ್ತೊಬ್ಬರು ಡೀಸೆಲ್ ಪಂಪಿನ ಸೀಲು ಒಡೆಸಿ ಎಳೆಯುವ ಶಕ್ತಿ ಹೆಚ್ಚಿಸಿಕೊಳ್ಳುತ್ತಾರೆ. ಇವುಗಳಲ್ಲಿ ಕೆಲವು ಅಷ್ಟಾಗಿ ಅಪಾಯವಿಲ್ಲದವು. ಕೆಲವು ಎಂಜಿನ್ನನ್ನೇ ಕೆಡಿಸತಕ್ಕವು. ಉಳುಮೆಯ ಹಂಗಾಮಿನಲ್ಲಿ ಗಾಡಿ ಕೆಟ್ಟು ನಿಂತಾಗ "ಮಾರ್ಪಾಡು ಮಾಡಿಸಿದ್ದೀರಿ, ವಾರಂಟಿ ಇಲ್ಲ" ಎಂಬ ಉತ್ತರ ಬಂದರೆ, ಸಾಲದ ಕಂತು, ರಿಪೇರಿಯ ಖರ್ಚು ಎರಡೂ ಒಟ್ಟಿಗೆ ರೈತನ ತಲೆಯ ಮೇಲೆ ಬೀಳುತ್ತವೆ. ಆದುದರಿಂದ ಈ ವಿಷಯದಲ್ಲಿ ನಿಯಮವೇನು, ನಮ್ಮ ಹಕ್ಕೇನು ಎಂಬುದನ್ನು ತಿಳಿದಿರುವುದು ಅವಶ್ಯ.

ವಾರಂಟಿ ಎಂದರೇನು?

ತಯಾರಿಕೆಯಲ್ಲಾಗಲಿ ಬಳಸಿದ ಸಾಮಾನಿನಲ್ಲಾಗಲಿ ದೋಷವಿದ್ದು ಭಾಗ ಕೆಟ್ಟರೆ ತಾನೇ ಸರಿಪಡಿಸಿಕೊಡುವುದಾಗಿ ಕಂಪನಿಯು ಬರೆದುಕೊಡುವ ಮಾತೇ ವಾರಂಟಿ. ಸಾಮಾನ್ಯವಾಗಿ ಇದಕ್ಕೆ ಇಷ್ಟು ವರ್ಷ ಅಥವಾ ಗಂಟೆ ಮೀಟರಿನಲ್ಲಿ ಇಷ್ಟು ಗಂಟೆ ಎಂದು ಅವಧಿಯಿರುತ್ತದೆ. ಯಾವುದು ಮೊದಲು ಮುಗಿಯುವುದೋ ಅಲ್ಲಿಗೆ ವಾರಂಟಿಯೂ ಮುಗಿಯುತ್ತದೆ. ಬಳಕೆಯಿಂದ ಸವೆಯುವ ಭಾಗಗಳು ಇದಕ್ಕೆ ಸೇರುವುದಿಲ್ಲ. ಟೈರು, ಬ್ಯಾಟರಿಗಳಿಗೆ ಬಹುಮಟ್ಟಿಗೆ ಅವುಗಳ ತಯಾರಕರ ವಾರಂಟಿಯೇ ಬೇರೆ ಇರುತ್ತದೆ. ಯಾವ ಕೆಲಸ ಮಾಡಿಸಿದರೆ ವಾರಂಟಿ ತಪ್ಪುವುದೆಂದು ಪುಸ್ತಕದಲ್ಲಿ ಬರೆದಿರುತ್ತದೆ. ಆ ಪುಟವನ್ನು ಓದಿಯೋ ಓದಿಸಿಯೋ ತಿಳಿದುಕೊಳ್ಳಬೇಕು.

ಯಾವ ಮಾರ್ಪಾಡಿನಿಂದ ಯಾವ ಕೇಡು?

1. ಡೀಸೆಲ್ ಪಂಪು: ಸೀಲು ಒಡೆದು ಹೆಚ್ಚು ಡೀಸೆಲ್ ಬಿಟ್ಟರೆ ಅದು ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ. ಎಂಜಿನ್ ಮಿತಿಮೀರಿ ಕಾಯುತ್ತದೆ. ಪಿಸ್ಟನ್, ರಿಂಗುಗಳಿಗೆ ಪೆಟ್ಟು. ಸೀಲು ಒಡೆದಿರುವುದು ಕಣ್ಣಿಗೆ ಕಾಣುವ ಸಾಕ್ಷಿ. ಆಮೇಲೆ ಎಂಜಿನ್ನಿನ ವಾರಂಟಿ ಕೇಳುವುದು ಕಷ್ಟ.

2. ಹೈಡ್ರಾಲಿಕ್ ವಾಲ್ವು: ಎಣ್ಣೆಯ ಒತ್ತಡ ಮಿತಿ ಮೀರದಂತೆ ತಡೆಯಲು ಒಂದು ವಾಲ್ವು ಇರುತ್ತದೆ. ಹೆಚ್ಚು ಭಾರ ಎತ್ತಲೆಂದು ಅದನ್ನು ಬಿಗಿಮಾಡಿಸಿದರೆ ಪಂಪು, ಪೈಪುಗಳು ಒಡೆಯುತ್ತವೆ.

3. ದೊಡ್ಡ ಟೈರು: ಚಕ್ರ ದೊಡ್ಡದಾದಷ್ಟೂ ಗೇರು, ಆಕ್ಸಲ್‌ಗಳ ಮೇಲೆ ಹೊರೆ ಹೆಚ್ಚುತ್ತದೆ.

4. ಹೆಚ್ಚಿನ ದೀಪ, ಸ್ಪೀಕರು: ತೆಳು ತಂತಿಯಿಂದ, ಫ್ಯೂಸಿಲ್ಲದೆ ಎಳೆದ ಸಂಪರ್ಕ ಕಾದು ಬೆಂಕಿ ಹತ್ತಬಹುದು; ವಿದ್ಯುತ್ ಭಾಗಗಳ ವಾರಂಟಿಗೂ ತೊಡಕು.

ಒಂದು ಮಾರ್ಪಾಡಿಗೆ ಇಡೀ ವಾರಂಟಿ ಹೋಗುವುದೇ?

ಇಲ್ಲಿ ಕೇಳತಕ್ಕ ಪ್ರಶ್ನೆ ಒಂದೇ: ಕೆಟ್ಟ ಭಾಗಕ್ಕೂ ಮಾಡಿಸಿದ ಮಾರ್ಪಾಡಿಗೂ ಸಂಬಂಧವಿದೆಯೇ? ಸ್ಪೀಕರು ಹಾಕಿಸಿದ ಗಾಡಿಯಲ್ಲಿ ವೈರಿಂಗು ಸುಟ್ಟರೆ ಕಂಪನಿಯ ಮಾತಿಗೆ ಆಧಾರವಿದೆ. ಅದೇ ಗಾಡಿಯ ಗೇರಿನ ಹಲ್ಲು ಮುರಿದರೆ ಸ್ಪೀಕರಿಗೂ ಅದಕ್ಕೂ ಏನು ಸಂಬಂಧ? ಕಾರಣ ತೋರಿಸಿರೆಂದು ಕೇಳುವುದು ನ್ಯಾಯ.

ಭಾರತ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ ಇದೇ ನ್ಯಾಯವನ್ನು ಹೇಳಿತು: ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಪೂರಾ ರದ್ದುಮಾಡಕೂಡದು, ತಪ್ಪು ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಆ ಆದೇಶ ಕಾರುಗಳದ್ದು, ಮುಂದೆ ಅದರ ಮೇಲೆ ಅಪೀಲುಗಳೂ ಆದವು; ಆದರೂ ಅದರಲ್ಲಿನ ನ್ಯಾಯದ ಎಳೆಯನ್ನು ಟ್ರ್ಯಾಕ್ಟರಿನವರೂ ಮುಂದಿಟ್ಟು ವಾದಿಸಬಹುದು.

ಕಾನೂನಿನ ಗಡಿ

ವಾರಂಟಿಯ ಮಾತು ಬೇರೆ, ಕಾಯಿದೆಯ ಮಾತು ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್.ಸಿ. ಪುಸ್ತಕದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅನುಮತಿಯಿಲ್ಲದ ಮಾರ್ಪಾಡಿಗೆ, 2019ರ ತಿದ್ದುಪಡಿಯಂತೆ, ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಉಂಟು. ಸಂದೇಹವಿದ್ದರೆ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ; ಅನುಮತಿ ಪಡೆದ ಬದಲಾವಣೆಯನ್ನು ವಿಮೆಯವರಿಗೂ ಬರಹದಲ್ಲಿ ತಿಳಿಸಿ.

ಇನ್ನೊಂದು ಮಾತು. ದೋಷವುಳ್ಳ ವಸ್ತುವಿನಿಂದ ಜೀವಕ್ಕೋ ಅಂಗಕ್ಕೋ ಹಾನಿಯಾದರೆ ಪರಿಹಾರ ಕೇಳುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಕೊಟ್ಟಿದೆ. ಆದರೆ ಹಾನಿಯಾದ ಹೊತ್ತಿಗೆ ವಸ್ತುವನ್ನು ಮಾರ್ಪಡಿಸಿದ್ದರೆ, ಮಾರಿದವರ ಮೇಲೆ ಆ ದಾವೆ ನಡೆಯದು.

ವಾರಂಟಿ ನಿರಾಕರಿಸಿದರೆ ಏನು ಮಾಡಬೇಕು?

ಮೊದಲು, ನಿರಾಕರಣೆಯನ್ನೂ ಅದರ ಕಾರಣವನ್ನೂ ಬರಹದಲ್ಲಿ ಕೊಡುವಂತೆ ಡೀಲರನ್ನು ಕೇಳಿರಿ. ಕೆಟ್ಟ ಭಾಗದ ಫೋಟೋ ತೆಗೆದಿಟ್ಟುಕೊಳ್ಳಿ. ಸಾಧ್ಯವಿದ್ದರೆ ಆ ಭಾಗವನ್ನು ಕೈಬಿಡಬೇಡಿ. ಅನಂತರ ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ.

ಇಷ್ಟಕ್ಕೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿ ಎಲ್ಲಿಯೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆ ತಾವೇ ಹೇಳಿಕೊಳ್ಳಬಹುದು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಅಲ್ಲಿಂದ 10 ಲಕ್ಷದವರೆಗೆ 200 ರೂಪಾಯಿ. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸತಕ್ಕದ್ದು. ದೋಷ ಯಾವುದೆಂದು ಪರೀಕ್ಷೆಯಿಲ್ಲದೆ ತಿಳಿಯದಿದ್ದರೆ ಆಯೋಗವು ಪ್ರಯೋಗಾಲಯಕ್ಕೆ ಕಳುಹಿಸಬಹುದು. "ಬಾಡಿಗೆಗೆ ಓಡಿಸಿದ್ದೀರಿ, ನೀವು ಗ್ರಾಹಕರಲ್ಲ" ಎಂದು ಯಾರಾದರೂ ಹೇಳಿದರೆ ಹೆದರಬೇಕಾಗಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರವೇ ಬಳಸಿದ್ದರೆ ಕಾಯಿದೆಯು ಅವನನ್ನು ಗ್ರಾಹಕನೆಂದೇ ಎಣಿಸುತ್ತದೆ.

ನೆನಪಿಡತಕ್ಕ ಮಾತುಗಳು

* ವಾರಂಟಿ ಮುಗಿಯುವವರೆಗೆ ಎಂಜಿನ್, ಗೇರು, ಹೈಡ್ರಾಲಿಕ್‌ಗಳಿಗೆ ಕೈ ಹಾಕಿಸಬೇಡಿ.
* ಏನಾದರೂ ಸೇರಿಸಬೇಕಾದರೆ ಡೀಲರಿಂದ ಬರಹದ ಒಪ್ಪಿಗೆ ಪಡೆಯಿರಿ. ಬಾಯಿ ಮಾತು ಸಾಕ್ಷಿಗೆ ಬಾರದು.
* ಸರ್ವಿಸನ್ನು ಹೇಳಿದ ಗಂಟೆಗೆ ಮಾಡಿಸಿ, ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿ.
* ಬಿಲ್ಲು, ಜಾಬ್ ಕಾರ್ಡು, ವಾರಂಟಿ ಪುಸ್ತಕ ಮೂರನ್ನೂ ಪಹಣಿ ಪತ್ರಗಳಷ್ಟೇ ಜೋಪಾನವಾಗಿಡಿ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಸ್ಪ್ಯಾನರು ಹಿಡಿದ ಮೆಕ್ಯಾನಿಕ್ಕು ಪಂಪಿನ ಸೀಲಿಗೆ ಕೈ ಹಾಕುವ ಮೊದಲೇ ವಾರಂಟಿ ಪುಸ್ತಕ ತೆರೆಯುವುದು ಜಾಣತನ.